ಮೂಕ ಪಟ್ಟಿಗೆ ದನಿ ಕೊಟ್ಟ ನಿಧಾನಕ್ಕ

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆಂದು ನಿಧಾನಕ್ಕ ಕೂತೇ ಕೆಲಸ ಮಾಡುತ್ತಾರೆ. ಎದುರಿನ ಕಂಪ್ಯೂಟರ್ ಪೆಟ್ಟಿಗೆಗೆ ಪರದೆಯ ತಂತಿ ಸಿಕ್ಕಿಸುತ್ತಾ, ಬೆನ್ನ ಹಿಂದೆ ನಿಂತ ಹುಡುಗನಿಗೆ ಹೇಳುತ್ತಾರೆ: "ಕೈ ಜೇಬಲ್ಲಿಟ್ಕೊಳಪ್ಪ. ನಾನು ಹೇಳೋವರ್ಗೂ ತೆಗೀಬೇಡ."

ಆ ಕೈಯಲ್ಲಿ ಪೆನ್‌ಡ್ರೈವ್ ಇದೆ. ನಿನ್ನೆ ಅದರಿಂದಲೇ ಅವನು ಭಾವನ ಕಂಪ್ಯೂಟರಿಗೆ ಎರಡನೆಯ ಆಪರೇಟಿಂಗ್ ಸಿಸ್ಟಂ ಹಾಕಿದ್ದಾನೆ. ಆಗಿನಿಂದ ಯಂತ್ರ ಮೌನವ್ರತ ಹಿಡಿದಿದೆ. ಭಾವ ಸ್ಟೂಲಿನ ಮೇಲಿದ್ದಾರೆ, ಮೊಣಕಾಲ ನಡುವೆ ಬಿಳಿ ಕೋಲು. ಹುಟ್ಟಿನಿಂದ ಕಣ್ಣು ಕಾಣದು. ಕಂಪ್ಯೂಟರ್ ಓದುವುದನ್ನು ಕಿವಿಯಲ್ಲಿ ಕೇಳುತ್ತಾ, ಫೋನಿನ ಮೂಲಕ ಬೆಳಗಿನ ರೇಡಿಯೊದಲ್ಲಿ ಮಕ್ಕಳಿಗೆ ಕಥೆ ಹೇಳುವವರು. ಇವತ್ತು ಅವರೇ ಕಟ್ಟಿದ ಧಾರಾವಾಹಿಯ ಕೊನೆಯ ಕಂತು. ಅದು ಇರುವುದು ಹಳೆಯ ಸಿಸ್ಟಂನಲ್ಲಿ. ಹೊಸದರ ಓದುವ ದನಿ ಇಂಪು ಎಂದು ಆಸೆಪಟ್ಟದ್ದೇ ತಪ್ಪಾಯಿತು.

"ಹಳೇದು ಹೋಯ್ತಕ್ಕ. ಅದನ್ನೇ ಇನ್ನೊಂದ್ಸಲ ಹಾಕಿಬಿಡ್ಲಾ?"

"ಹಾಕು, ಆಗ ನಿಜವಾಗ್ಲೂ ಹೋಗುತ್ತೆ."

"ಬಿಡಿ, ನನ್ನ ಭಾಮೈದನ ಕಿವಿ ಹಿಂಡೋಕೆ ಅವನಕ್ಕ ಮನೇಲಿ ಕಾಯ್ತಿದಾಳೆ," ಎನ್ನುತ್ತಾರೆ ಭಾವ. ನಗು ಬಾಯಲ್ಲಷ್ಟೇ.

ನಿಧಾನಕ್ಕ ಮೊದಲು ಫ್ಯಾನಿನ ಮೋಟರಿಗೆ ತಂತಿ ಸುತ್ತುತ್ತಿದ್ದವರು. ಕಾರ್ಖಾನೆ ಮುಚ್ಚಿದ ದಿನ ಅಲ್ಲಿಯ ಕೆಟ್ಟ ಕಂಪ್ಯೂಟರನ್ನು ಮನೆಗೆ ಹೊತ್ತು ತಂದರು. "ಇದೇನು ಮೊಟ್ಟೆ ಇಡುತ್ತಾ?" ಎಂದು ಅತ್ತೆ ಕೇಳಿದ್ದರಂತೆ. ಗಂಡನೂ ಕೆಲಸವಿಲ್ಲದೆ ಕೂತಿದ್ದ ಕಾಲ. ಅದನ್ನು ಕೆಡಿಸಿ ಕೆಡಿಸಿಯೇ ಕಲಿತರು. ಈಗ ದಿನಕ್ಕೆ ಐದಾರು ಯಂತ್ರ ಬರುತ್ತವೆ. ಅರ್ಧಕ್ಕರ್ಧ, ಇದರಂತೆ ಎರಡು ಸಿಸ್ಟಂ ಹಾಕಿಸಿಕೊಂಡು, ಒಂದೇ ಮನೆಯಲ್ಲಿ ಎರಡು ಒಲೆ ಹೂಡಲು ಹೋಗಿ ಎಡವಿದವು. "ಕಳೀತು ಅನ್ನೋ ಮುಂಚೆ ಮಂಚದ ಕೆಳಗೆ ನೋಡು ಅಂತಾರೆ ನಮ್ಮತ್ತೆ. ನನ್ನ ವಿದ್ಯೆ ಅಷ್ಟೇ."

ಪರದೆ ಬೆಳಗುತ್ತದೆ. ಅದರ ಮೇಲೊಂದು ಪಟ್ಟಿ. ಪಟ್ಟಿಯಲ್ಲಿ ಹೊಸ ಸಿಸ್ಟಂನ ಹೆಸರೊಂದೇ. "ಸತ್ತಿಲ್ಲ ಇದು. ಎಂಟರ್ ಒತ್ತಿ ಅಂತ ಕಾಯ್ತಾ ನಿಂತಿದೆ, ಪಾಪ." ಹೊಸದನ್ನು ತೆರೆದು ಡಿಸ್ಕ್ ನೋಡುತ್ತಾರೆ. ಹಳೆಯದರ ಭಾಗ ಕೂದಲು ಕೊಂಕದೆ ಕೂತಿದೆ! ಪಕ್ಕದಲ್ಲಿ ಬೇರೆ ಸಿಸ್ಟಂ ಇದೆಯೇ ಎಂದು ಹುಡುಕುವ ಆಜ್ಞೆಯ ಸಾಲನ್ನು ಹೊಸದು ಮುಚ್ಚಿಟ್ಟಿದೆ, ಅಷ್ಟೇ. ಸಾಲು ತೆರೆದು, ಹಳೆಯದಕ್ಕೆ ಮೊದಲ ಸ್ಥಾನ ಕೊಟ್ಟು, ಪಟ್ಟಿಯನ್ನು ಹೊಸದಾಗಿ ಬರೆಸಿ, ಯಂತ್ರ ಆರಿಸಿ ಹೊತ್ತಿಸುತ್ತಾರೆ.

"ನೋಡಿ, ಎರಡೂ ಬಂದ್ವು!"

"ಎಲ್ಲಿ?" ಎನ್ನುತ್ತಾರೆ ಭಾವ, ಮೆಲ್ಲಗೆ.

ಓದಿ ಹೇಳುವ ತಂತ್ರಾಂಶ ಸಿಸ್ಟಂನೊಳಗಿದೆ. ಹೊಸ್ತಿಲಲ್ಲಿರುವ ಈ ಪಟ್ಟಿ ಮೂಕ. ಇವತ್ತು ನಿಧಾನಕ್ಕ ಒತ್ತಿಕೊಟ್ಟರೂ, ನಾಳೆ ಮನೆಯಲ್ಲಿ ಅದು ಬಂದದ್ದು ಭಾವನಿಗೆ ತಿಳಿಯುವುದಾದರೂ ಹೇಗೆ? ಅಷ್ಟರಲ್ಲಿ ಅವರ ಫೋನು ಗುನುಗುತ್ತದೆ. ರೇಡಿಯೊದವರು: "ಸಾರ್, ಈಗ ಒಂದು ಹಾಡು ಹೋಗ್ತಿದೆ. ಅದು ಮುಗಿದ್ರೆ ನೀವೇ."

ನಿಧಾನಕ್ಕನ ಹೆಸರಿಗೆ ಈಗ ಅರ್ಥವೇ ಇಲ್ಲ. ಯಂತ್ರ ಆರಿಸಿ, ಗುಜರಿಯ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಸದ್ದು ಮಾಡುವ ಉಗುರಗಲದ ಬೀಪರೊಂದನ್ನು ಹೆಕ್ಕುತ್ತಾರೆ. ತಂತಿ ಸುತ್ತಿ ಪಳಗಿದ ಬೆರಳು ಪೆಟ್ಟಿಗೆಯೊಳಗೆ ಇಳಿದು ಅದನ್ನು ಬೋರ್ಡಿಗೆ ಸಿಕ್ಕಿಸುತ್ತದೆ. ಹೊಸ ಸಿಸ್ಟಂ ತೆರೆದು, ಪಟ್ಟಿ ಬರುವಾಗ ಶಿಳ್ಳೆ ಹೊಡೆ ಎಂದು ಒಂದು ಸಾಲು ಬರೆದು ಯಂತ್ರ ಆರಿಸುತ್ತಾರೆ.

"ಈಗ ನೀವೇ ಒತ್ತಿ. ಶಿಳ್ಳೆ ಕೇಳಿದ್ಮೇಲೆ ಎಂಟರ್ ಹೊಡೆದ್ರೆ ಹಳೇದು. ಕೆಳಗಿನ ಬಾಣದ ಕೀಲಿ ಒಂದ್ಸಲ ಒತ್ತಿ ಎಂಟರ್ ಹೊಡೆದ್ರೆ ಹೊಸದು."

ಭಾವ ಗುಂಡಿ ಒತ್ತುತ್ತಾರೆ. ಫ್ಯಾನು ಗುಂಯ್‌ಗುಡುತ್ತದೆ. ಭಾಮೈದ ಕಣ್ಣು ಮುಚ್ಚಿಕೊಂಡಿದ್ದಾನೆ.

ಪೀಂ!

ಮೇಲೆ ಮಾಳಿಗೆಯ ಮನೆಯಿಂದ ನಿಧಾನಕ್ಕನ ಅತ್ತೆಯ ದನಿ: "ಏನೇ ಅದು, ಮೊಟ್ಟೆ ಇಟ್ಟೇಬಿಡ್ತಾ?"

ಭಾವ ಎಂಟರ್ ಹೊಡೆದದ್ದೇ, ಹಳೆಯ ಸಿಸ್ಟಂ ಗೊಗ್ಗರು ದನಿಯಲ್ಲಿ ಮಾತಾಡತೊಡಗುತ್ತದೆ. ಭಾವ ಕಿವಿಗೆ ಕಂಪ್ಯೂಟರಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನನ್ನು ಬಾಯಿಗೆ ತರುತ್ತಾರೆ: "ಮಕ್ಕಳೇ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?" ಮಾಳಿಗೆಯಲ್ಲಿ ಅತ್ತೆಯ ರೇಡಿಯೊ ಕೂಡ ಅದೇ ಪ್ರಶ್ನೆ ಕೇಳುತ್ತದೆ.

ಕಥೆ ಮುಗಿಯುವವರೆಗೆ ನಿಧಾನಕ್ಕ ಸ್ಕ್ರೂಡ್ರೈವರನ್ನೂ ಕೆಳಗಿಡುವುದಿಲ್ಲ, ಸದ್ದಾದೀತೆಂದು. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಮೇಜಿನ ಮೇಲೆ ಚೆಲ್ಲಿದ ಗುಜರಿಯಲ್ಲಿ ಕೈಯಾಡಿಸುತ್ತಾರೆ.

"ಇನ್ನೊಂದಷ್ಟು ಬೀಪರ್ ಸಿಕ್ರೆ ಸಾಕು. ಇಷ್ಟು ದಿನ ಬಾಗಿಲು ತೆಗೆದು ಕಳಿಸ್ತಿದ್ದೆ, ಕಾಣದವ್ರಿಗೆ ತೆಗೆದಿದೆ ಅಂತ ಕೂಗಿ ಹೇಳಿರ್ಲಿಲ್ಲ ನೋಡಿ."