ಫ್ರಿಜ್ಜಿನಲ್ಲಿಟ್ಟ ರೇಡಿಯೋ

ನನ್ನ ಸೋದರಮಾವನಿಗೆ ಮಿಲಿಮೀಟರ್ ಮಾವ ಎಂದು ಹೆಸರಿಟ್ಟವಳು ನಾನೇ. ಬ್ರೆಡ್ಡನ್ನೂ ಅಳೆದು ಕತ್ತರಿಸುವ ಜನ. ರೇಡಿಯೋ ಕೂರಿಸುವುದು ಅವರ ಕಸುಬು. ಕೆಲಸ ಮುಗಿದ ಮೇಲೆ ಒಂದು ಸ್ಕ್ರೂ ಉಳಿದರೆ ಅವತ್ತು ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟಿನ ಮನುಷ್ಯನೇ ನಮ್ಮಪ್ಪನ ಹೊಟ್ಟೆಯ ಮೇಲೆ ಹೊಡೆದದ್ದು.

ಅಪ್ಪ ಊರಿನ ನೀರಿನ ಪಂಪ್‌ಹೌಸಿನಲ್ಲಿ ಆಪರೇಟರ್. ಗುಡ್ಡದ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ಕೆಳಗೆ ತಿಳಿಸುವ ರೇಡಿಯೋ ಜೋಡಿ ಬೇಕಾದಾಗ ಮಾವನ ಹೆಸರು ಹೇಳಿದ್ದು ಅಪ್ಪನೇ.

ಇಂಥ ರೇಡಿಯೋ ತನ್ನ ಕಂಪನವನ್ನು, ಅಂದರೆ ಫ್ರೀಕ್ವೆನ್ಸಿಯನ್ನು, ಅತ್ತಿತ್ತ ತುಸು ಸರಿಸಿ ಅಂಕಿ ಕಳಿಸುತ್ತದೆ. ಎಷ್ಟು ಸರಿಯಬೇಕು ಎಂಬುದು ಡೀವಿಯೇಷನ್. ಕೆಳಗಿನ ರೇಡಿಯೋ ಎಷ್ಟು ಅಗಲಕ್ಕೆ ಬಾಗಿಲು ತೆರೆದಿರಬೇಕು ಎಂಬುದು ಬ್ಯಾಂಡ್‌ವಿಡ್ತ್. ಬಾಗಿಲು ಅಗಲವಾದಷ್ಟೂ ಧೂಳು ಜಾಸ್ತಿ. ಗದ್ದಲ ನುಗ್ಗಿ ದೂರದ ದನಿ ಮುಳುಗುತ್ತದೆ. ಹಾಗಾಗಿ ಮಾವ ಎರಡನ್ನೂ ಬಿಗಿ ಮಾಡಿದರು. ಬಾಗಿಲಿನ ಅಗಲ ಲೆಕ್ಕಕ್ಕೆ ಏಳೂವರೆ ಕಿಲೋಹರ್ಟ್ಸ್ ಬಂತು, ಇಟ್ಟಿದ್ದು ಎಂಟು.

"ಬಟ್ಟೆ ಹೊಲಿಯೋರೂ ಒಂದಿಷ್ಟು ಅಂಚು ಬಿಡ್ತಾರಪ್ಪ," ಎಂದರು ಅಪ್ಪ.

"ಅವರು ಬಿಡ್ಲಿ ಭಾವ. ಅಳತೆ ಬಾರದೋರು ಬಿಡ್ತಾರೆ."

ಚಳಿ ಬಿದ್ದ ಮೇಲೆ ಬೆಳಗಿನ ಹೊತ್ತು ಅಂಕಿ ನಿಲ್ಲತೊಡಗಿತು. ಅಂಕಿ ಬರದಿದ್ದರೆ ಪಂಪ್ ನಿಲ್ಲಿಸಬೇಕೆಂಬುದು ನಿಯಮ. ಅಪ್ಪ ನಿಲ್ಲಿಸಿದರು, ಊರಿನ ನಲ್ಲಿಗಳು ಒಣಗಿದವು. ಸಾಹೇಬರು ಹನ್ನೊಂದು ಗಂಟೆಗೆ ಬಂದು ನೋಡಿದರೆ ಅಂಕಿ ಬರುತ್ತಲೇ ಇತ್ತು. ನಿದ್ದೆ ಮಾಡಿ ಕತೆ ಕಟ್ಟುತ್ತಾನೆ ಎಂದರು. ಮಾವನನ್ನು ಕರೆಸಿದರು. ಅವರೂ ಬಿಸಿಲೇರಿದ ಮೇಲೆಯೇ ಬಂದು ಮೀಟರ್ ಹಚ್ಚಿ, "ರೇಡಿಯೋದಲ್ಲಿ ತಪ್ಪಿಲ್ಲ" ಎಂದು ಬರೆದು ಸಹಿ ಹಾಕಿದರು. ಅಪ್ಪನ ಕೆಲಸ ಹೋಯಿತು.

ಕೆಲಸ ಹೋದದ್ದಕ್ಕಿಂತ ಆಮೇಲಿನದ್ದೇ ನನ್ನನ್ನು ಸುಡುತ್ತದೆ. ಸ್ವಂತ ಭಾವಮೈದನೇ ಬರೆದುಕೊಟ್ಟ ಮೇಲೆ ಅಪ್ಪ ತಾನು ನಿದ್ದೆ ಮಾಡಿದ್ದೇ ನಿಜವೆಂದು ನಂಬಿಬಿಟ್ಟರು. ಓಡಿಸುತ್ತಲೇ ನಿದ್ದೆ ಬಂದೀತೆಂದು ಸ್ಕೂಟರ್ ಮಾರಿದರು. ಕೂತಲ್ಲಿಂದ ಏಳುವಾಗ ಅಮ್ಮನನ್ನು ಕೇಳುತ್ತಿದ್ದರು, "ಈಗ ನಾನು ಎಚ್ಚರವಾಗೇ ಇದ್ನಾ?"

ಮರುವರ್ಷದ ಚಳಿಗೆ ಹೊಸ ಆಪರೇಟರನಿಗೂ ಅದೇ ಗೋಳು. ಆಗ ಮಾವ ಟ್ಯಾಂಕಿನ ರೇಡಿಯೋ ಬಿಚ್ಚಿ ತಂದು, ಮನೆಯ ಫ್ರಿಜ್ಜಿನಲ್ಲಿ ಟೊಮೆಟೊ ಪಕ್ಕ ಇಟ್ಟರು. ಅತ್ತೆಯ ಬೈಗುಳ ಕಿವಿಗೆ ಹಾಕಿಕೊಳ್ಳದೆ ಮೀಟರ್ ನೋಡುತ್ತ ಕೂತರು. ತಣ್ಣಗಾದಂತೆ ಫ್ರೀಕ್ವೆನ್ಸಿಯನ್ನು ಹಿಡಿದಿಡುವ ಒಳಗಿನ ಹರಳು ತನ್ನ ಕಂಪನ ಬಿಟ್ಟು ಜಾರುತ್ತ ಹೋಯಿತು. ಅರ್ಧ ಗಂಟೆಯಲ್ಲಿ ಕೆಳಗಿನ ರೇಡಿಯೋದ ಎಂಟು ಕಿಲೋಹರ್ಟ್ಸ್ ಬಾಗಿಲಿನ ಆಚೆ. ಮಾವ ಮರುದಿನವೇ ಬ್ಯಾಂಡ್‌ವಿಡ್ತ್ ಅಗಲ ಮಾಡಿಬಂದರು. ಬಾಯಿ ಮಾತ್ರ ಬಿಡಲಿಲ್ಲ.

ಮೂರು ವರ್ಷ ಬಿಡಲಿಲ್ಲ. ಆಮೇಲೊಂದು ಮಧ್ಯಾಹ್ನ, ಹುಟ್ಟಿ ತಿಂಗಳಾದ ಮೊಮ್ಮಗಳನ್ನು ತೋರಿಸಲು ನಮ್ಮ ಮನೆಗೆ ತಂದರು. ಮಗುವನ್ನು ಅಪ್ಪನ ಮಡಿಲಿಗೆ ಹಾಕಹೋದರೆ ಅಪ್ಪ ಹಿಂದೆ ಸರಿದರು.

"ಬೇಡಪ್ಪ. ನಂಗೆ ಕೂತಲ್ಲೇ ನಿದ್ದೆ ಬರುತ್ತೆ. ಕೈಜಾರಿದ್ರೆ?"

ಮಾವ ಮಗುವನ್ನು ನನ್ನ ಕೈಗಿತ್ತು, ನೆಲದ ಮೇಲೆ ಕುಸಿದು ಕೂತು ಅತ್ತರು. ಫ್ರಿಜ್ಜಿನ ಕತೆಯನ್ನೂ ಸಹಿಯ ಕತೆಯನ್ನೂ ಒಂದೇ ಉಸಿರಿಗೆ ಹೇಳಿದರು. ನನಗೆ ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು.

ಅಪ್ಪ ಕೇಳಿದ್ದು ಒಂದೇ. "ಎಷ್ಟು ಅಂಚು ಬಿಟ್ಟಿದ್ರೆ ಸಾಕಾಗಿತ್ತು?"

"ಐದಾರು ಕಿಲೋಹರ್ಟ್ಸ್, ಭಾವ."

"ಅಷ್ಟೇನಾ," ಎಂದರು ಅಪ್ಪ. ಎದ್ದು ಹೋಗಿ ಕೈ ತೊಳೆದು ಬಂದರು. ಗೋಡೆಗೆ ಒರಗಿ ಕೂತು, ಮಗುವಿಗಾಗಿ ಎರಡೂ ಕೈ ಚಾಚಿದರು. ನಾನು ಕೊಟ್ಟೆ.

ಕೊಟ್ಟು ಏಳಹೋದರೆ ಮೆಲ್ಲಗೆ ಅಂದರು, "ನೀನು ಪಕ್ಕದಲ್ಲೇ ಇರಮ್ಮ. ನನ್ನ ಕಣ್ಣು ನೋಡ್ತಾ ಇರು."