ಸೀಟಿ ಕೇಳಿ ಬಂದವರು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ ನನ್ನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ನಾನಾಗ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದೆ. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಬಂದು ಬೀಗ ತೆಗೆದರೆ, ಬೆಳಿಗ್ಗೆ ಕಾಫಿ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಆ ಮೌನ ತಡೆಯಲಾರದೆ, ಪುಸ್ತಕ ನೋಡಿಕೊಂಡು ಒಂದು ರೇಡಿಯೊ ಕಟ್ಟಿದೆ.

ಒಂದೇ ವಾಲ್ವಿನ ಸಣ್ಣ ಸೆಟ್ಟು, ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳಬೇಕು. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ಮಾಡಿಸಿದೆ. ರೇಡಿಯೊಗೆ ಹಾಕುವ ಸ್ವಂತದ ಬ್ಯಾಟರಿಯನ್ನು ಕಾರ್ಖಾನೆಯಲ್ಲಿ ಚಾರ್ಜ್ ಮಾಡಲು ಬಿಡುತ್ತಿರಲಿಲ್ಲವಾದ್ದರಿಂದ ಅದನ್ನು ಹೊತ್ತುಕೊಂಡು ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗುತ್ತಿದ್ದೆ. ಆ್ಯಸಿಡ್ ತಾಗಿ ಎರಡು ಪಂಚೆ ತೂತಾದವು.

ಸಂಜೆ ಮದರಾಸಿನ ಕೇಂದ್ರ ಕ್ಷೀಣವಾಗಿ ಸಿಗುತ್ತಿತ್ತು. ದನಿ ಏರಿಸಲು ಒಂದು ಗುಂಡಿ ತಿರುಗಿಸುತ್ತಿದ್ದೆ. ಅತಿಯಾದರೆ ಸೆಟ್ಟು ಸೀಟಿ ಹೊಡೆಯುತ್ತಿತ್ತು. ಅದು ನನ್ನ ಕಿವಿಯಲ್ಲಷ್ಟೇ ಎಂದುಕೊಂಡಿದ್ದೆ.

ಒಂದು ಭಾನುವಾರ ಕೊಡೆ ಹಿಡಿದ ಮುದುಕರೊಬ್ಬರು ಮನೆಯೆದುರು ನಿಂತು, ಬಿದಿರಿನ ಗಳಕ್ಕೆ ಕಟ್ಟಿದ್ದ ಏರಿಯಲ್ ತಂತಿಯನ್ನು ನೋಡುತ್ತಿದ್ದರು. ಪಕ್ಕದ ಬೀದಿಯ ತಮಿಳರು. ಫೋರ್‌ಮನ್ ಆಗಿದ್ದು ನಿವೃತ್ತರಾದವರು.

"ಈ ತಂತಿ ನಿಮ್ದಾ ತಂಬಿ?"

"ಹೌದು ಸಾರ್."

"ಹಾಗಾದ್ರೆ ದಿನಾ ನನ್ನ ಸಂಗೀತದ ಮೇಲೆ ಸೀಟಿ ಹೊಡೆಯೋದು ನೀವೇ."

ನನಗೆ ಅರ್ಥವಾಗಲಿಲ್ಲ. ಅವರು ಜಗಲಿಯ ಮೇಲೆ ಕೂತು ಬಿಡಿಸಿ ಹೇಳಿದರು. ಗುಂಡಿ ಹೆಚ್ಚು ತಿರುಗಿಸಿದರೆ ನನ್ನ ಸೆಟ್ಟು ತಾನೇ ಅಲೆಗಳನ್ನು ಕಳಿಸತೊಡಗುತ್ತದೆ. ಸುತ್ತಲಿನ ರೇಡಿಯೊಗಳಲ್ಲೆಲ್ಲ ಸೀಟಿ ಏಳುತ್ತದೆ.

"ಮದರಾಸಿಗೆ ಅಂತ ಒಂದು ಅಲೆ ಗೊತ್ತು ಮಾಡಿಕೊಟ್ಟಿದ್ದಾರೆ. ಹತ್ತಿರದಲ್ಲಿ ಇನ್ನೊಬ್ಬರು ಅದರ ಮೇಲೆ ಬರೋ ಹಾಗಿಲ್ಲ. ನೀವು ಅಲ್ಲೇ ಹೋಗಿ ಕೂತ್ಬಿಟ್ಟಿದ್ದೀರಿ."

ತಪ್ಪಾಯಿತೆಂದೆ.

"ದೂರು ಬರೆಯೋಣ ಅಂತಿದ್ದೆ. ಅಷ್ಟರಲ್ಲಿ ಒಂದು ವಾರ ಸೀಟಿನೇ ಬರಲಿಲ್ಲ. ಈ ಮನುಷ್ಯನಿಗೆ ಏನಾಯ್ತೋ ಅಂತ ಯೋಚನೆ ಹತ್ತಿತು. ಅದಕ್ಕೇ ಹುಡುಕ್ಕೊಂಡು ಬಂದೆ."

ಆ ವಾರ ನಾನು ಮಲೇರಿಯಾದಲ್ಲಿ ಮಲಗಿದ್ದೆ. ಗಂಜಿಯನ್ನೂ ನಾನೇ ಎದ್ದು ಕಾಯಿಸಿಕೊಂಡಿದ್ದೆ. ಯಾರೂ ಬಂದಿರಲಿಲ್ಲ. ಅವರ ಮಾತು ಮುಗಿಯುತ್ತಲೇ ಎದ್ದೆ. ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ಕೂತೆ.

ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಅವರು ಅಂದೇ ತೋರಿಸಿಕೊಟ್ಟರು. ಮುಂದೆ ಶನಿವಾರದ ಸಂಜೆಗಳಲ್ಲಿ ಅವರ ಮನೆಗೇ ಹೋಗತೊಡಗಿದೆ. ಅವರದು ಸ್ಪೀಕರ್ ಇದ್ದ ದೊಡ್ಡ ಸೆಟ್ಟು. ಅವರ ಹೆಂಡತಿಗೆ ಕಿವಿ ಪೂರ್ತಿ ಹೋಗಿತ್ತು. ಗಂಡ ತೊಡೆಯ ಮೇಲೆ ಹಾಕುವ ತಾಳ ನೋಡುತ್ತ ಆಕೆಯೂ ತಲೆದೂಗುತ್ತಿದ್ದರು. ಅಷ್ಟು ದಿನ ಮುದುಕರೂ ಒಬ್ಬರೇ ಕೇಳುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಯುದ್ಧದ ಎರಡನೆಯ ವರ್ಷ ಅವರ ಮಗ ಬಂದು ಇಬ್ಬರನ್ನೂ ಕೊಯಮತ್ತೂರಿಗೆ ಕರೆದುಕೊಂಡು ಹೋದ. ಸ್ಟೇಷನ್ನಿನಲ್ಲಿ ಆಕೆ, ತಮ್ಮ ದನಿ ತಮಗೇ ಕೇಳದವರ ಹಾಗೆ, ಗಟ್ಟಿಯಾಗಿ ಹೇಳಿದರು: "ಹೊತ್ತಿಗೆ ಸರಿಯಾಗಿ ಊಟ ಮಾಡಪ್ಪ."

ರೈಲು ಹೋದ ಮೇಲೆ ನಾನು ಅಲ್ಲಿಂದಲೇ ಕೆಲಸಕ್ಕೆ ಹೋದೆ. ಅವರಿಂದ ಒಂದು ಕಾಗದ ಬಂತು. ನಾನು ಬರೆದ ಎರಡಕ್ಕೆ ಉತ್ತರ ಬರಲಿಲ್ಲ. ಆ ಮನೆಗೆ ಬೇರೆಯವರು ಬಂದರು. ಆಮೇಲೂ ಕೆಲವು ಶನಿವಾರ ಕಾಲು ತಾನಾಗಿ ಆ ಬೀದಿಗೆ ಎಳೆಯುತ್ತಿತ್ತು. ತಿರುವಿನವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹಿಂದಿರುಗುತ್ತಿದ್ದೆ.