ಸೋಮವಾರದ ಅರ್ಧ ದಿನ

ನಿವೃತ್ತನಾಗಿ ನಾಲ್ಕು ವರ್ಷವಾದರೂ ಸೋಮವಾರ ಬೆಳಿಗ್ಗೆ ಎಂಟಕ್ಕೆ ನನ್ನ ಕೈಗಳು ಕೆಲಸ ಹುಡುಕುತ್ತವೆ. ಸೈಕಲ್ ಚೈನಿಗೆ ಎಣ್ಣೆ ಬಿಡುತ್ತೇನೆ, ಬಾಗಿಲಿನ ಕೀಲು ನೋಡುತ್ತೇನೆ, ಮಿಕ್ಸಿ ಬಿಚ್ಚುತ್ತೇನೆ. "ಚೆನ್ನಾಗಿ ಓಡ್ತಿರೋದನ್ನ ಯಾಕ್ರೀ ಬಿಚ್ತೀರಿ?" ಎಂದು ಹೆಂಡತಿ ಬೈಯುತ್ತಾಳೆ. ಓಡುತ್ತಿರುವುದನ್ನೇ ನಿಲ್ಲಿಸಿ, ಬಿಚ್ಚಿ ನೋಡಬೇಕು. ಇಪ್ಪತ್ತಾರು ವರ್ಷ ನನಗೆ ಸಂಬಳ ಬಂದದ್ದು ಅದಕ್ಕೇ.

ಗುಂಡ್ಲುಪೇಟೆಯ ಹೊರಗಿನ ಚೆಂಡುಹೂವಿನ ಕಾರ್ಖಾನೆಯಲ್ಲಿ ನನ್ನ ಕೆಲಸ. ರೈತರು ತಂದ ಹೂವನ್ನು ಗುಂಡಿಗಳಲ್ಲಿ ತುಂಬಿ, ಹದಕ್ಕೆ ಬಂದ ಮೇಲೆ ಹಿಂಡಿ, ದೊಡ್ಡ ಡ್ರೈಯರಿನಲ್ಲಿ ಒಣಗಿಸಿ, ಬಣ್ಣ ತೆಗೆಯುವ ಕಂಪನಿಗಳಿಗೆ ಕಳಿಸುತ್ತಿದ್ದೆವು. ನಾನು ಮೇಂಟೆನೆನ್ಸ್ ವಿಭಾಗದ ಮುಖ್ಯಸ್ಥ. ವಿಭಾಗ ಎಂದರೆ ನಾನು, ಒಬ್ಬ ಎಲೆಕ್ಟ್ರಿಷಿಯನ್, ಚಂದಕವಾಡಿಯ ಒಬ್ಬ ಫಿಟ್ಟರ್, ಮತ್ತು ಒಂದು ತಗಡಿನ ಶೆಡ್.

ಹಳೆಯ ಯಜಮಾನರು ಹರವೆ ಕಡೆಯ ಬೇಸಾಯದ ಮನೆಯವರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆಯಲ್ಲಿ ಬೆಳೆದವರು. ಕಾರ್ಖಾನೆ ಶುರುವಾದ ಮೊದಲ ವಾರವೇ, "ಎತ್ತಿಗಿರೋ ರಜ ಇವಕ್ಕೂ ಇರ್ಲಿ ಕಣಪ್ಪ" ಎಂದು ಸೋಮವಾರ ಮಧ್ಯಾಹ್ನದವರೆಗೆ ಎಲ್ಲ ಯಂತ್ರಗಳನ್ನೂ ನಿಲ್ಲಿಸಿದರು. ಹೂವಿನ ಕಾಲದಲ್ಲೂ ಆ ಪದ್ಧತಿ ಬಿಡಲಿಲ್ಲ. ಆ ಅರ್ಧ ದಿನ ಕಾರ್ಖಾನೆ ನಮ್ಮದು. ಅವರೇ ಬಂದು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಎಷ್ಟು ಟನ್ ಆಯಿತೆಂದು ಕೇಳುತ್ತಿರಲಿಲ್ಲ. "ಯಾವ್ದು ನರಳ್ತಾ ಅದೆ ಇವತ್ತು?" ಎನ್ನುತ್ತಿದ್ದರು. ಬೆಲ್ಟು ಬೇಕೆಂದರೆ ಹಳೆಯದನ್ನು ಕೈಯಲ್ಲಿ ಬಾಗಿಸಿ, ಬಿರುಕು ನೋಡಿ, ಸಂಜೆಯೊಳಗೆ ಮೈಸೂರಿನಿಂದ ತರಿಸುತ್ತಿದ್ದರು.

ಯಂತ್ರ ನಿಲ್ಲಿಸುವ ಮೊದಲು ಫಿಟ್ಟರ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಹೊರಕವಚದ ಮೇಲಿಟ್ಟು ಹಿಡಿಗೆ ಕಿವಿ ಕೊಡುತ್ತಿದ್ದ. "ಗಂಟ್ಲು ಒಣಗದೆ ಸಾ ಇವಳ್ಗೆ" ಎಂದರೆ ಗ್ರೀಸ್ ಸಾಲದು ಎಂದರ್ಥ. ಎಲೆಕ್ಟ್ರಿಷಿಯನ್ ಕೆಣಕುತ್ತಿದ್ದ: "ಎಂಡ್ರು ಕೂಗುದ್ರೆ ಕೇಳ್ಸಲ್ಲ, ಬೇರಿಂಗ್ ಪಿಸುಗುಟ್ಟುದ್ರೆ ಕೇಳ್ಸ್ತದಾ ನಿಂಗೆ?"

"ಅವ್ಳು ಅತ್ತು ಸಲ ಯೋಳ್ತಾಳೆ ಕಣ್ಲಾ. ಬೇರಿಂಗು ಒಂದೇ ಸಲ ಯೋಳೋದು."

ಕೆಲಸ ಮುಗಿಸಿ ಮೂವರೂ ಡ್ರೈಯರಿನ ಚಿಮಣಿ ನೋಡಲು ಮೇಲೆ ಹತ್ತುತ್ತಿದ್ದೆವು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು, ಕೆಳಗೆ ರಸ್ತೆಯ ಎರಡೂ ಕಡೆ ಹಳದಿ ಹೊಲ. ಇಡೀ ಕಾರ್ಖಾನೆಯಲ್ಲಿ ಒಂದು ಸದ್ದೂ ಇಲ್ಲ. ಆ ನಿಶ್ಶಬ್ದ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಯಜಮಾನರ ಮಂಡಿ ಸೋತಿತು. ಅವರು ಚಾಮರಾಜನಗರದ ಮನೆ ಸೇರಿದರು, ಅವರ ಜಾಗಕ್ಕೆ ಅಳಿಯ ಬಂದರು. ಕೆಟ್ಟ ಮನುಷ್ಯರಲ್ಲ, ಯಂತ್ರ ನಿಂತರೆ ಅವರಿಗೆ ಸಂಕಟ, ಅಷ್ಟೆ. ಮೊದಲ ಹೂವಿನ ಕಾಲದಲ್ಲೇ ಸೋಮವಾರವನ್ನು ತೆಗೆದುಹಾಕಿದರು. "ಓಡ್ತಿರೋದನ್ನ ಯಾರಾದ್ರೂ ನಿಲ್ಲಿಸ್ತಾರಾ? ಕೆಟ್ಟಾಗ ನೋಡಿದ್ರಾಯ್ತು." ನಾನು ಒಮ್ಮೆ ವಿವರಿಸಿದೆ. ಅವರು ಫೋನ್ ನೋಡುತ್ತಿದ್ದರು. ಎದ್ದು ಬಂದೆ.

ಮುಂದೆ ನಡೆದದ್ದರಲ್ಲಿ ನನ್ನ ತಪ್ಪೂ ಇದೆ. ಡ್ರೈಯರಿಗೆ ಗಾಳಿ ಊದುವ ಬ್ಲೋವರಿಗೆ ಎರಡು ಬೇರಿಂಗ್. ಹೊರಗಿನದಕ್ಕೆ ಓಡುವಾಗಲೇ ಗ್ರೀಸ್ ತುಂಬಬಹುದು. ಒಳಗಿನದಕ್ಕೆ ಯಂತ್ರ ನಿಲ್ಲಿಸಿ, ಅದನ್ನು ಮುಚ್ಚಿರುವ ಗಾರ್ಡ್ ಬಿಚ್ಚಬೇಕು. ಫಿಟ್ಟರ್ ಬಂದು ಕೇಳಿದ: "ಟೀ ಒತ್ತಲ್ಲಿ ಇಪ್ಪತ್ ನಿಮ್ಸ ನಿಲ್ಸಿ ಸಾ. ತುಂಬ್ಬುಟ್ಟು ಬತ್ತೀನಿ."

"ಅರ್ಧಂಬರ್ಧ ಕೆಲಸ ನನ್ನ ವಿಭಾಗದಲ್ಲಿ ಬೇಡ. ಸೋಮವಾರ ಕೊಡ್ಲಿ, ಕ್ರಮವಾಗಿ ಮಾಡೋಣ" ಎಂದೆ.

ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು ನಾನು. ಕೆಲಸಕ್ಕೆ ಒಂದು ದಿನ ಗೊತ್ತಾದರೆ ಆ ದಿನವೇ ಆಗಬೇಕು. ಸೋಮವಾರ ತೆಗೆದರೆ ಏನಾಗುತ್ತದೆಂದು ಅಳಿಯನಿಗೆ ತಿಳಿಯಲಿ ಎಂಬ ಹಟವೂ ಇತ್ತು. ಫಿಟ್ಟರ್ ಇನ್ನೂ ಎರಡು ಸಲ ಕೇಳಿದ. ಎರಡು ಸಲವೂ ಬೇಡವೆಂದೆ. ಹೀಗೆ ಏಳು ವಾರ ಕಳೆಯಿತು.

ಎಂಟನೆಯ ವಾರ ಒಳಗಿನ ಬೇರಿಂಗ್ ಸುಟ್ಟು ಶಾಫ್ಟು ಕಚ್ಚಿಕೊಂಡಿತು. ಡ್ರೈಯರ್ ನಿಂತಿತು, ಗುಂಡಿಗಳು ಖಾಲಿಯಾಗಲಿಲ್ಲ, ಹೊಸ ಹೂ ಇಳಿಸಲು ಜಾಗವಿಲ್ಲ. ಗೇಟಿನ ಹೊರಗೆ ಟ್ರಾಕ್ಟರುಗಳು ಸಾಲುಗಟ್ಟಿದವು. ಮೂಟೆಯೊಳಗೆ ಕೈ ಹಾಕಿದರೆ ಹೂ ಒಳಗೊಳಗೇ ಕಾದು ಬಿಸಿಯಾಗಿತ್ತು. ರೈತರೆಲ್ಲ ನೋಡುತ್ತಿರುವಾಗ ಅಳಿಯ ಫಿಟ್ಟರನ್ನು ಕರೆದು, "ಗ್ರೀಸ್ ಹಾಕೋದೂ ಮರೆತುಹೋಯ್ತಾ ನಿನಗೆ? ನಾಳೆಯಿಂದ ಬರಬೇಡ" ಎಂದರು.

ಫಿಟ್ಟರ್ ನನ್ನನ್ನು ನೋಡಿದ. ಒಂದು ಮಾತು ಸಾಕಿತ್ತು. ನಾನು ಬ್ಲೋವರಿನ ಕಡೆ ತಿರುಗಿ ಬೋಲ್ಟು ಬಿಚ್ಚತೊಡಗಿದೆ.

ಮೂರನೆಯ ದಿನ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದೆ. ಯಜಮಾನರು ಕಾಲು ಚಾಚಿ ಕುಳಿತಿದ್ದರು. ಎಲ್ಲ ಹೇಳಿದೆ.

"ಸೋಮ್ವಾರ ಬೇಕು ಅಂತ ಅಳಿಯಂದಿರ್ಗೆ ಎಷ್ಟು ಸಲ ಯೋಳ್ದೆ?"

"ಒಂದು ಸಲ."

"ಒಂದು ಬೆಲ್ಟಿಗೆ ನನ್ ತಲೆ ಎಷ್ಟು ಸಲ ತಿಂದಿದ್ದೀಯ ನೀನು?"

ಅವರು ಮಂಡಿ ನೀವಿಕೊಳ್ಳುತ್ತ ಫೋನಿಗೆ ಕೈ ಚಾಚಿದರು.

"ನಾ ಬಂದು ನಿಂತ್ಕತಿದ್ದೆ, ನೀ ಯೋಳ್ತಿದ್ದೆ. ಅವ್ರು ಬರ್ನಿಲ್ಲ ಅಂತ ನೀನೂ ಬಾಯ್ ಮುಚ್ಕಂಡ್ಬುಟ್ಯಾ?" ಎಂದು ಅಳಿಯನಿಗೆ ಫೋನ್ ಹಚ್ಚಿದರು. "ಸೋಮ್ವಾರ ಕೊಟ್ಬುಡಿ. ಕೊಟ್ಟು ಮನೇಲಿ ಕೂರ್ಬ್ಯಾಡಿ, ನೀವೂ ಓಗಿ ನಿಂತ್ಕಳಿ." ಆಮೇಲೆ ಫೋನನ್ನು ನನ್ನ ಕೈಗಿತ್ತರು. "ಫಿಟ್ಟರ್ ಇಚಾರ ನೀನೇ ಯೋಳು."

ಗ್ರೀಸ್ ತುಂಬುತ್ತೇನೆ ಎಂದವನು ಅವನು, ಬೇಡವೆಂದವನು ನಾನು ಎಂದು ಹೇಳಿದೆ. ಅಳಿಯ, "ಕರ್ಕೊಂಡು ಬನ್ನಿ ಅವರನ್ನ" ಎಂದರು.

ಅಳಿಯ ಮಾತು ಉಳಿಸಿಕೊಂಡರು. ಮೊದಲ ಸೋಮವಾರ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಶೆಡ್ಡಿನಲ್ಲಿ ಅಡ್ಡಾಡಿದರು. ಆರು ತಿಂಗಳಲ್ಲಿ ಸವೆದ ಬೆಲ್ಟು ಗುರುತಿಸುವಷ್ಟಾದರು. ಕಂಪನಿ ನಡೆಸುವವರಿಂದ ನಮ್ಮಂಥ ವಿಭಾಗಕ್ಕೆ ಬೇಕಾದದ್ದು ಅದೇ. ನಮ್ಮ ಕೆಲಸ ಸರಿಯಾಗಿದ್ದರೆ ಎಲ್ಲೂ ಏನೂ ಆಗುವುದಿಲ್ಲ. ಏನೂ ಆಗದ್ದನ್ನು ಆಫೀಸಿನಲ್ಲಿ ಕುಳಿತು ಕಾಣುವುದು ಹೇಗೆ? ಮೇಲಿನವರು ಬಂದು ನಿಂತು ನೋಡಬೇಕು, ನಿಲ್ಲಿಸಲು ಹೊತ್ತು ಕೊಡಬೇಕು. ಮೂರು ಸಲ ಬಂದು ಕೇಳಿದವನ ಮಾತನ್ನು ಕೇಳಿಸಿಕೊಳ್ಳಬೇಕು. ಈ ಕೊನೆಯದು ನನಗೂ ಸೇರಿಸಿ ಹೇಳಿದ್ದು.

ನಿವೃತ್ತಿಯವರೆಗೆ ಇನ್ನೂ ಎರಡು ವರ್ಷ ನನಗೆ ಸೋಮವಾರಗಳು ಸಿಕ್ಕವು. ಅವುಗಳಲ್ಲಿ ಫಿಟ್ಟರ್ ಇರಲಿಲ್ಲ. ಫೋನ್ ಮಾಡಿದ ಆ ದಿನವೇ ಯಜಮಾನರ ಮನೆಯಿಂದ ನೇರ ಚಂದಕವಾಡಿಗೇ ಹೋಗಿದ್ದೆ. ಅವನು ಜಗುಲಿಯಲ್ಲಿ ಯಾರದೋ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ಕುಳಿತಿದ್ದ. ಅಳಿಯನೇ ಕರೆದಿದ್ದಾರೆ, ಬಾ ಎಂದೆ.

"ಅವರು ಬೈದುದ್ಕಲ್ಲ ಸಾ" ಎಂದ, ತಲೆ ಎತ್ತದೆ. "ಮೂರ್ ದಿನ ಕಾದೆ. ನಿಮ್ದೊಂದು ಫೋನ್ ಬರ್ನಿಲ್ಲ."

"ತಪ್ಪಾಯ್ತು ಕಣಯ್ಯ."

"ಅಯ್ಯೋ ಬುಡಿ. ಟೀ ಕುಡೀರಿ."

ಟೀ ಕುಡಿದೆವು. ಬರುತ್ತೀಯಾ ಎಂದು ಇನ್ನೊಮ್ಮೆ ಕೇಳುವ ಮುಖ ನನಗಿರಲಿಲ್ಲ. ಅವನು ಕೈ ಒರೆಸಿಕೊಳ್ಳುತ್ತ ರಸ್ತೆಯವರೆಗೂ ಬಂದ. ಬಸ್ಸು ಕಾಣಿಸಿದಾಗ, "ಒಸಬ ಬಂದ್ರೆ ಒಳಗಡೆ ಬೇರಿಂಗ್ ನೀವೇ ನಿಂತು ತೋರ್ಸಿ ಸಾ. ಗಾರ್ಡ್ ಇಂದ್ಗಡೆ ಅದೆ, ಕಾಣಾಕಿಲ್ಲ" ಎಂದ.